ಬಿಸಿಲುಣ್ಣುವ ಗಡಿಯಾರ ಮತ್ತು ಎತ್ತಿದ ಕೈ

ನಮ್ಮ ಜಮಖಂಡಿ ಸೀಮೆಯ ಕೆಲವು ಮನೆತನಗಳಲ್ಲಿ, ಲಗ್ನದ ದಿನ ಅಕ್ಕಿಕಾಳು ಎಂಬ ಅಕ್ಷತೆ ಬೀಳುವ ಗಳಿಗೆಯನ್ನು ಹೇಳಲು ಒಬ್ಬ ಹಿರಿಯನನ್ನು ಹಂದರದ ಮುಂಭಾಗದಲ್ಲಿ ನಿಲ್ಲಿಸುವ ರೂಢಿ ಇಂದಿಗೂ ಉಳಿದಿದೆ. ಆತ ಪಂಚಾಂಗ ಬಲ್ಲವನಾಗಿರಬೇಕು, ಬೆಳಗಿನಿಂದ ಉಪವಾಸವಿರಬೇಕು, ಮಣಿಕಟ್ಟಿನಲ್ಲಿ ನಂಬಿಕೆಯ ಗಡಿಯಾರವಿರಬೇಕು. ಲಗ್ನ ಮಾಡಿಸುವ ಅಯ್ಯನವರು ಮಂಗಲಾಷ್ಟಕವನ್ನು ಮುಗಿಸುತ್ತ ಬಂದಂತೆ ಆತ ಬಲಗೈ ಎತ್ತುತ್ತಾನೆ. ಆ ಕೈ ಮೇಲಿರುವವರೆಗೆ ಹಂದರದಲ್ಲಿ ಯಾರ ಮುಷ್ಟಿಯೂ ಬಿಚ್ಚುವುದಿಲ್ಲ. ಕೈ ಇಳಿದೊಡನೆ ಸನಾದಿಯ ಸ್ವರ ಏಳುತ್ತದೆ, ಅಕ್ಕಿಕಾಳು ಮಳೆಯಂತೆ ಸುರಿಯುತ್ತದೆ, ಇಬ್ಬರ ಸಂಸಾರ ಆರಂಭವಾಗುತ್ತದೆ.

ನನ್ನ ಗುರುಗಳು ಈ ಸೇವೆಯನ್ನು ಗಳಿಗೆ ಬಟ್ಟಲಿನಿಂದ ನಡೆಸಿದವರು. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದ ತಾಮ್ರದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಬಿಟ್ಟು, ಅದು ತುಂಬಿ ಮುಳುಗುವುದನ್ನು ಕಣ್ಣೆವೆಯಿಕ್ಕದೆ ನೋಡುತ್ತ ಕೂರುತ್ತಿದ್ದರು. ಆಗ ಅವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಅವರು ಶಿವೈಕ್ಯರಾದ ಮೇಲೆ, ಮಠದ ಪಾಠಶಾಲೆಯಲ್ಲಿ ಅವರ ಬಳಿ ಓದಿದವನೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂದಿತು. ಸಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಕಾಲದಲ್ಲೂ, ನಿವೃತ್ತನಾದ ಮೇಲೂ ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂದು ಕರೆದಲ್ಲಿಗೆ ಹೋಗಿ ನಿಂತಿದ್ದೇನೆ. ಇದಕ್ಕಾಗಿ ನಾನು ಒಂದು ತೆಂಗಿನಕಾಯಿಯ ಹೊರತು ಏನನ್ನೂ ಸ್ವೀಕರಿಸಿದವನಲ್ಲ. ಮುಹೂರ್ತವೆಂಬುದು ಶಿವನು ತೆರೆಯುವ ಒಂದು ಬಾಗಿಲು, ಅದು ತೆರೆದಿರುವಾಗಲೇ ವಧೂವರರನ್ನು ಒಳಗೆ ಕಳುಹಿಸಬೇಕು ಎಂದು ನಂಬಿದವನು ನಾನು. ನನ್ನ ಕೈ ಸುಳ್ಳಾಡಬಾರದು, ಜನ ನನ್ನ ಕೈಯನ್ನು ನಂಬಬೇಕು. ಮುಪ್ಪಿನಲ್ಲಿ ನಾನು ಬಯಸಿದ ಮರ್ಯಾದೆ ಇಷ್ಟೇ.

ಆ ಮರ್ಯಾದೆ ನನ್ನಿಂದ ಹೇಗೆ ಹೋಯಿತೆಂಬುದನ್ನು ಹೇಳಬೇಕಾದರೆ ಒಂದು ಕೈಗಡಿಯಾರದಿಂದ ಆರಂಭಿಸಬೇಕು.

ಬನಹಟ್ಟಿಯಲ್ಲಿ ಸೀರೆಯ ವ್ಯಾಪಾರ ಮಾಡುವ ಒಬ್ಬ ಗೆಳೆಯ ನನಗಿದ್ದಾನೆ. ನೇಕಾರರ ಮನೆತನದವನು. ಹುಡುಗರಾಗಿದ್ದಾಗ ಒಂದೇ ಮಠದಲ್ಲಿ ಉಂಡು ಓದಿದವರು ನಾವು. ನಾನು ಅವನನ್ನು ಸಾವಕಾರನೆನ್ನುತ್ತೇನೆ, ಅವನು ನನ್ನನ್ನು ಮಾಸ್ತರನೆನ್ನುತ್ತಾನೆ. ನನ್ನನ್ನು ಲಗ್ನಗಳಿಗೆ ಕರೆಸುವವರಲ್ಲಿ ಮುಕ್ಕಾಲು ಪಾಲು ಅವನ ಬೀಗರು, ಅವನ ಗಿರಾಕಿಗಳು. ನನ್ನ ಹಳೆಯ ಚಾವಿಯ ಗಡಿಯಾರ ರಿಪೇರಿಗೂ ಒಗ್ಗದಂತಾದಾಗ ಅವನೇ ಒಂದು ಹೊಸದನ್ನು ತಂದು ನನ್ನ ಕೈಗೆ ಕಟ್ಟಿದನು.

"ಮಾಸ್ತರ, ಇದಕ ಚಾವಿ ಬ್ಯಾಡ, ಶೆಲ್ ಬ್ಯಾಡ. ಬರೇ ಬೆಳಕ ತಿಂದ ಬದುಕತೈತಿ. ನಮ್ಮ ಕಡೆ ಬಿಸಲಿಗೇನ ಬರ ಐತೇನ?"

ನನಗೆ ರೋಮಾಂಚನವಾಯಿತು. ಸೂರ್ಯನನ್ನು ನಮ್ಮ ಹಿರಿಯರು ಕರ್ಮಸಾಕ್ಷಿ ಎಂದು ಕರೆದರು. ಮನುಷ್ಯನು ಮಾಡುವುದೆಲ್ಲವನ್ನೂ ನೋಡುವವನು ಅವನು. ಅವನ ಬೆಳಕನ್ನೇ ಉಂಡು ನಡೆಯುವ ಗಡಿಯಾರವು ಮುಹೂರ್ತ ಹೇಳುವವನ ಕೈಯಲ್ಲಿರುವುದು ಎಷ್ಟು ಉಚಿತ! ಅಂಥ ವಸ್ತುವನ್ನು ಎಲ್ಲೆಂದರಲ್ಲಿ ಇಡಲು ಮನಸ್ಸು ಒಪ್ಪಲಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಅದನ್ನು ಮಡಿ ರೇಷ್ಮೆ ವಸ್ತ್ರದಲ್ಲಿ ಸುತ್ತಿ, ನಮ್ಮ ಜಗಲಿಯ ಮೇಲೆ, ಅಂದರೆ ದೇವರ ಕೋಣೆಯ ಕಟ್ಟೆಯ ಮೇಲೆ, ನಂದಾದೀಪದ ಬಳಿಯಲ್ಲಿ ಇಡತೊಡಗಿದೆನು. ಬೆಳಕೇ ಅದರ ಆಹಾರವಾದರೆ ತುಪ್ಪದ ದೀಪಕ್ಕಿಂತ ಶುದ್ಧವಾದ ಬೆಳಕು ಎಲ್ಲಿದೆ ಎಂದುಕೊಂಡೆ. ಕಟ್ಟಿಕೊಂಡ ದಿನಗಳಲ್ಲಾದರೋ ಅದು ನನ್ನ ಉದ್ದ ತೋಳಿನ ಅಂಗಿಯ ಒಳಗೆ, ಆ ಅಂಗಿಯ ಮೇಲೆ ಹೊದಿಸಿದ ಶಾಲಿನ ಒಳಗೆ ಇರುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವುದನ್ನು ಬಿಟ್ಟು, ತುಸು ನಿಂತು, ಎರಡು ಹೆಜ್ಜೆಯನ್ನು ಒಮ್ಮೆಗೇ ಹಾರತೊಡಗಿತು. ಹೊಸ ತರಹದ ಯಂತ್ರ, ಅದರ ನಡಿಗೆಯೇ ಹೀಗೆ ಇರಬಹುದೆಂದು ಭಾವಿಸಿದೆ. ಅದು ಹಸಿವಿನ ಕೂಗು ಎಂದು ನನಗೆ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಸಾವಳಗಿಯಲ್ಲಿ ಸಾವಕಾರನ ಗಿರಾಕಿಯೊಬ್ಬರ ಮನೆಯ ಲಗ್ನ. ನಾನು ಎಂದಿನಂತೆ ನಿಂತಿದ್ದೆ. ಕೈ ಮೇಲಿತ್ತು. ಗಡಿಯಾರದ ಪ್ರಕಾರ ಮುಹೂರ್ತಕ್ಕೆ ಇನ್ನೂ ಅವಕಾಶವಿತ್ತು. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಸನಾದಿ ಮೊಳಗಿತು, ಅಕ್ಕಿಕಾಳು ಬಿದ್ದಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಗಡಬಡಿಸಿ ಇಳಿಸಿದೆ. ವಿಧಿಯೆಲ್ಲ ಮುಗಿದ ಮೇಲೆ ಸನಾದಿಯವನನ್ನು ಕರೆದು, ಸಾವಕಾರನ ಎದುರಿನಲ್ಲಿಯೇ ಗದರಿದೆ.

"ನನ್ನ ಕೈ ಇನ್ನಾ ಮ್ಯಾಲ ಇತ್ತಲ್ಲೋ ಅಪ್ಪಾ! ಯಾರನ್ನ ನೋಡಿ ಬಾರಿಸಿದಿ?"

ಅವನು ಸಾವಕಾರನ ಮುಖವನ್ನು ಒಮ್ಮೆ ನೋಡಿದ. ತಲೆ ತಗ್ಗಿಸಿದ. "ತಪ್ಪಾತ್ರಿ ಮಾಸ್ತರ."

"ಹೋಗಲಿ ಬಿಡ," ಎಂದನು ಸಾವಕಾರ. "ಸೆಕಿಗೆ ಅವಂಗ ತಲಿ ತಿರಗೇತಿ. ಎಲ್ಲಾ ಛಲೋ ಆತಲ್ಲ."

ಮರುದಿನ ಬೆಳಿಗ್ಗೆ ರೇಡಿಯೋ ವಾರ್ತೆಯ ಗಂಟೆಗೆ ಗಡಿಯಾರವನ್ನು ಹೋಲಿಸಿ ನೋಡಿದೆ. ಹಿಂದೆ ಬಿದ್ದಿತ್ತು. ಸನಾದಿಯವನು ಆತುರಪಟ್ಟನೋ, ನಾನೇ ತಡಮಾಡಿದೆನೋ? ಅಂದೇ ಬಸ್ಸು ಹತ್ತಿ ಬನಹಟ್ಟಿಗೆ ಹೋಗಿ ಸಾವಕಾರನನ್ನು ಕೇಳಿದೆ. "ಖರೆ ಹೇಳು. ನಿನ್ನೆ ನನ್ನ ಗಡಿಯಾರ ಹಿಂದಿತ್ತೇನು?"

ಅವನು ಸೀರೆಯ ಗಂಟನ್ನು ಬಿಚ್ಚುತ್ತಲೇ ನಕ್ಕನು. "ಹಂದರದಾಗ ಬರೋಬ್ಬರಿ ಇತ್ತಪಾ. ನಾನ ನೋಡೇನಲ್ಲ. ಮನಿಗೆ ಹೋದಮ್ಯಾಲ ನಿಂತಿರಬೇಕ ಅದು. ನೀ ಸುಮ್ಮ ಜೀವಕ್ಕ ಹಚ್ಚಿಕೋಬ್ಯಾಡ."

ನಂಬಿದೆನು. ಒಂದೇ ಎಲೆಯಲ್ಲಿ ಉಂಡವನ ಮಾತನ್ನು ನಂಬದೆ ಮತ್ತೆ ಯಾರ ಮಾತನ್ನು ನಂಬಲಿ?

ಆದರೂ ಗಡಿಯಾರದ ರೋಗವನ್ನು ತಿಳಿಯಬೇಕಲ್ಲ. ನನ್ನ ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಜಗಲಿಯ ಮೇಲಿನ ರೇಷ್ಮೆಯ ಗಂಟನ್ನು ಬಿಚ್ಚಿ ತೋರಿಸಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಮಾವಾರ, ದೇವರ ಮುಂದ ಇಟ್ಟ ಇದನ್ನ ಉಪವಾಸ ಕೆಡವೀರಲ್ರಿ! ದೀಪದ ಬೆಳಕ ಇದಕ ಯಾತಕ್ಕೂ ಸಾಲಂಗಿಲ್ರಿ. ಅದೂ ಅರಿವಿ ಸುತ್ತೀರಿ."

ಬಳಿಕ ಅವಳು ವಿವರಿಸಿದಳು. ಈ ಗಡಿಯಾರದ ಮುಖದ ಕೆಳಗೆ ಬೆಳಕನ್ನು ವಿದ್ಯುತ್ತಾಗಿ ಮಾಡುವ ಬಿಲ್ಲೆ ಇದೆ. ಉಂಡದ್ದನ್ನು ಕೂಡಿಟ್ಟುಕೊಳ್ಳುವ ಪುಟ್ಟ ಕಣಜ ಒಳಗಿದೆ. ಕಣಜ ಬರಿದಾಗುತ್ತ ಬಂದಾಗ ಮುಳ್ಳು ಎರಡೆರಡು ಹೆಜ್ಜೆ ಹಾರಿ ಎಚ್ಚರಿಸುತ್ತದೆ. ಆಗಲೂ ಕೊಡದಿದ್ದರೆ ನಿಲ್ಲುತ್ತದೆ. ನಿಂತದ್ದರ ಮೇಲೆ ಕಿಟಕಿಯಿಂದಲೋ ಬಾಗಿಲಿನಿಂದಲೋ ಒಂದಿಷ್ಟು ಬಿಸಿಲು ಬಿದ್ದರೆ ಅದು ತಾನಾಗಿ ಮತ್ತೆ ನಡೆಯತೊಡಗುತ್ತದೆ, ಆದರೆ ನಿಂತಷ್ಟು ಹೊತ್ತನ್ನು ಅದು ಎಣಿಸಿರುವುದಿಲ್ಲ. ಈ ಕೊನೆಯ ಮಾತು ನನ್ನನ್ನು ಅಂಜಿಸಿತು. ಪೂರ್ತಿ ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲ. ನಡುವೆ ನಿದ್ರೆ ಹೋಗಿ ಎದ್ದು, ಏನೂ ಆಗದವರಂತೆ ನಡೆಯುವುದನ್ನು ಕಂಡುಹಿಡಿಯುವುದು ಹೇಗೆ?

ಅಂದಿನಿಂದ ಅದರ ಪೋಷಣೆಯನ್ನು ವ್ರತದಂತೆ ಹಿಡಿದೆ. ಮೊದಲ ದಿನ ಉತ್ಸಾಹದಿಂದ ಅದನ್ನು ನಡುಮಧ್ಯಾಹ್ನ ಮಾಳಿಗೆಯ ಮೇಲೆ, ಕಾದ ಫರ್ಸಿ ಕಲ್ಲಿನ ಮೇಲೆಯೇ ಇಟ್ಟುಬಂದೆ. ಸೊಸೆ ಬರಿಗಾಲಿನಲ್ಲಿ ಓಡಿಹೋಗಿ ತಂದಳು.

"ಇದೇನ ಸಂಡಿಗಿ ಅಂತ ತಿಳದೀರೇನ್ರಿ ಮಾವಾರ, ಒಣಗಿಸಾಕ? ಬೆಳಕ ಬೇಕ್ರಿ ಇದಕ, ಕಾವ ಬ್ಯಾಡ. ಕಾವಿಗೆ ಒಳಗಿಂದ ಕೆಡತೈತಿ."

ಕಡೆಗೆ ಒಂದು ಕ್ರಮ ನಿಂತಿತು. ಸ್ನಾನ, ಲಿಂಗಪೂಜೆ ಮುಗಿಸಿ ಬರುವ ಹೊತ್ತಿಗೆ ಮೂಡಲ ಕಿಟಕಿಗೆ ಎಳೆಬಿಸಿಲು ಬಂದಿರುತ್ತದೆ. ಆ ಕಿಟಕಿಯ ಕಟ್ಟೆಯ ಮೇಲೆ ಮಡಿಸಿದ ಹತ್ತಿಯ ಬಟ್ಟೆ ಹಾಸಿ, ಗಾಜನ್ನು ಒರೆಸಿ, ಮುಖ ಮೇಲೆ ಮಾಡಿ ಗಡಿಯಾರವನ್ನು ಇಡುತ್ತೇನೆ. ಬಿಸಿಲು ಚುರುಕಾಗುವ ಮುನ್ನ ತೆಗೆಯುತ್ತೇನೆ. ಮಳೆಗಾಲದ ಮೋಡದ ದಿನಗಳಲ್ಲಿ ಹೆಚ್ಚು ಹೊತ್ತು ಬಿಡುತ್ತೇನೆ. ಕೊಳವೆದೀಪದ ಬೆಳಕೂ ಅಷ್ಟಿಷ್ಟು ಒದಗುತ್ತದೆ, ಆದರೆ ಅದು ಗಂಜಿಯಂತೆ, ಊಟವಲ್ಲ. ಕಟ್ಟಿಕೊಂಡಾಗ ಅಂಗಿಯ ಎಡತೋಳನ್ನು ಒಂದು ಸುತ್ತು ಮಡಿಸುತ್ತೇನೆ. ಲಗ್ನಗಳಲ್ಲಿ ಶಾಲು ಹೊದಿಸಿದರೆ ಬಲಹೆಗಲಿಗೆ ಸರಿಸಿಕೊಳ್ಳುತ್ತೇನೆ. ಪ್ರತಿ ಮುಹೂರ್ತದ ಬೆಳಿಗ್ಗೆ ರೇಡಿಯೋ ಗಂಟೆಗೆ ಹೋಲಿಸದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಗಡಿಯಾರವು ಮೈತುಂಬಿಕೊಂಡಿತು. ಮುಳ್ಳು ಒಂದೊಂದೇ ಹೆಜ್ಜೆಯಿಟ್ಟು, ಮಠದ ಪ್ರದಕ್ಷಿಣೆ ಮಾಡುವ ವೃದ್ಧರಂತೆ ನಡೆಯಿತು. ರೇಡಿಯೋಗೂ ಅದಕ್ಕೂ ಎಂದೂ ಭೇದ ಬರಲಿಲ್ಲ.

ಮುಧೋಳದಲ್ಲಿ ನಿಂತೆ, ಬೀಳಗಿಯಲ್ಲಿ ನಿಂತೆ. ನನ್ನ ಕೈ ಇಳಿಯುತ್ತಿದ್ದಂತೆ ಸನಾದಿ ಏಳುತ್ತಿತ್ತು. ಎಷ್ಟು ಸರಿಯಾಗಿ ಏಳುತ್ತಿತ್ತೆಂದರೆ, ಸಾವಳಗಿಯ ಕಹಿ ನನ್ನ ಮನಸ್ಸಿನಿಂದ ಹೊರಟೇಹೋಯಿತು. ಸಾವಕಾರನು ಪ್ರತಿ ಲಗ್ನದಲ್ಲಿಯೂ ನನ್ನ ಹಿಂದೆ, ಹಂದರದ ಕಂಬದ ಬಳಿ, ಮೊಬೈಲ್ ಹಿಡಿದು ನಿಂತಿರುತ್ತಿದ್ದನು. ಫೋಟೋ ತೆಗೆಯುತ್ತಾನೆಂದು ತಿಳಿದಿದ್ದೆ.

ಮುಂದಿನ ವರ್ಷ ಚಿಮ್ಮಡದಲ್ಲಿ ಅವನ ಬೀಗರ ಮನೆಯ ಲಗ್ನ. ಆ ದಿನ ಬೆಳಿಗ್ಗೆ ಗಡಿಯಾರವನ್ನು ಎರಡು ಬಾರಿ ಹೋಲಿಸಿ ಹೊರಟಿದ್ದೆ. ಮಂಗಲಾಷ್ಟಕ ಮುಗಿಯುತ್ತ ಬಂದಿತು. ಕೈ ಎತ್ತಿದೆ. ಮುಳ್ಳು ಮುಹೂರ್ತವನ್ನು ಮುಟ್ಟಿತು. "ಶಿವ ಶಿವಾ" ಎಂದು ಕೈ ಇಳಿಸಿದೆ.

ಏನೂ ಆಗಲಿಲ್ಲ.

ಸನಾದಿ ಏಳಲಿಲ್ಲ. ಸಭೆಯ ಮುಷ್ಟಿಗಳು ಬಿಚ್ಚಲಿಲ್ಲ. ವಧುವಿನ ಅಜ್ಜಿ ಒಬ್ಬಳು ಮಾತ್ರ ಮುಂದಿನ ಸಾಲಿನಿಂದ ಎದ್ದು, ಅಕ್ಕಿಕಾಳು ಎರಚಿದಳು. ಹಿಂದಿನಿಂದ ಯಾರೋ ಕೂಗಿದರು. "ಏ ಯಮ್ಮಾ, ಇನ್ನಾ ಆಗಿಲ್ಲ ತಡಿ! ಬಾಜಾ ಬಾರಿಸಿಲ್ಲ!"

"ಮಾಸ್ತರ್ರ ಕೈ ಇಳೀತಲ್ಲಬೇ!" ಎಂದಳು ಅಜ್ಜಿ.

"ಅವರ ಕೈಯಿಂದ ಏನಾಕೈತಿ, ನೀ ಕುಂದರ!"

ಜನ ನಕ್ಕರು. ಸನಾದಿಯವನತ್ತ ನೋಡಿದೆ. ಅದೇ ಮನುಷ್ಯ, ಸಾವಳಗಿಯವನು. ಅವನ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹೆಗಲಿನಾಚೆ ನೆಟ್ಟಿತ್ತು. ಹೊರಳಿ ನೋಡಿದೆ. ಕಂಬದ ಬಳಿ ಸಾವಕಾರನು ಮೊಬೈಲಿನ ಮೇಲೆ ಹೆಬ್ಬೆರಳಾಡಿಸುತ್ತ, ಇನ್ನೊಂದು ಕೈಯಿಂದ ಸನಾದಿಯವನಿಗೆ 'ತಡೆ' ಎಂದು ಸನ್ನೆ ಮಾಡುತ್ತಿದ್ದನು. ಅಯ್ಯನವರು ಮುಗಿದ ಮಂಗಲಾಷ್ಟಕವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಎಳೆದೆಳೆದು ಹಾಡಿದರು. ವಧೂವರರ ನಡುವೆ ಅಂತಃಪಟ ಹಿಡಿದವರು ತೋಳು ಸೋತು ಕೈ ಬದಲಿಸಿಕೊಂಡರು. ನನ್ನ ಗಡಿಯಾರದಲ್ಲಿ ಮುಹೂರ್ತ ದಾಟಿತು, ಅದರ ನೆರಳೂ ದಾಟಿತು. ಆಗ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಒಂದು ದೊಡ್ಡ ಗಾಡಿ ಬಂದಿತು. ಅದರಿಂದ ಒಬ್ಬ ದೊಡ್ಡ ಮನುಷ್ಯರು ಇಳಿದು, ಕೈಮುಗಿಯುತ್ತ ಒಳಗೆ ಬಂದು, ಮುಂದಿನ ಕುರ್ಚಿಯಲ್ಲಿ ಕುಳಿತರು. ಸಾವಕಾರನು ತಲೆಯಾಡಿಸಿದನು. ಸನಾದಿ ಎದ್ದಿತು. ಅಕ್ಕಿಕಾಳು ನನ್ನ ತಲೆಯ ಮೇಲೆಯೂ ಬಿದ್ದಿತು.

ಪಂಕ್ತಿ ಕೂರುವ ಗದ್ದಲದಲ್ಲಿ ನಾನು ಸನಾದಿಯವನನ್ನು ಹುಡುಕಿ ಹೋದೆ. ಬೇವಿನ ಮರದ ಕೆಳಗೆ ವಾದ್ಯವನ್ನು ಒರೆಸುತ್ತ ಕುಳಿತಿದ್ದನು. ನನ್ನನ್ನು ಕಂಡು ಎದ್ದು ನಿಂತ.

"ಸಿಟ್ಟಾಗಬ್ಯಾಡ್ರಿ ಮಾಸ್ತರ. ನಾ ಹೊಟ್ಟಿಪಾಡಿನವ."

"ಸಿಟ್ಟಿಲ್ಲಪಾ. ಯಾವಾಗಿಂದ ಹಿಂಗ, ಅಷ್ಟ ಹೇಳು."

"ಸಾವಳಗಿ ಲಗ್ನದಿಂದ್ರಿ. 'ಅವರ ಕೈ ನೋಡಬ್ಯಾಡ, ನನ್ನ ಮಾರಿ ನೋಡು' ಅಂತ ಸಾವಕಾರ್ರು ಹೇಳಿಟ್ಟಾರ್ರಿ. ಅಯ್ಯನೋರಿಗೂ ಹೇಳ್ಯಾರ್ರಿ. ನಿಮಗ ಗೊತ್ತೈತಿ ಅಂತ ತಿಳದಿದ್ವಿರಿ ನಾವು." ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದನು. "ಅವತ್ತ ನನ್ನ ಬೈದ್ರಲ್ರಿ, ಆವಾಗ ಗೊತ್ತಾತ್ರಿ, ನಿಮಗ ಯಾರೂ ಹೇಳಿಲ್ಲ ಅಂತ."

ಮುಧೋಳ, ಬೀಳಗಿ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ನನ್ನ ಗಡಿಯಾರವೂ ಅವನ ಮೊಬೈಲೂ ಸರಿಯಾಗಿದ್ದುದರಿಂದ ಕೈಯೂ ಸನಾದಿಯೂ ಕೂಡಿದ್ದವು. ಅದನ್ನು ನಾನು ನನ್ನ ಮೇಲಿನ ನಂಬಿಕೆ ಎಂದು ತಿಳಿದಿದ್ದೆ. ಕಿಟಕಿಯ ಕಟ್ಟೆಯ ಮೇಲೆ ನಾನು ದಿನವೂ ಕಾಪಾಡಿಕೊಂಡು ಬಂದ ಆ ಹೊತ್ತನ್ನು ಹಂದರದಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಸಾವಕಾರನು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದನು. ಸನಾದಿಯವನು ಸರಿದುಹೋದನು. ಗೆಳೆಯನ ಮುಖದಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದವನ ನಾಚಿಕೆ ಇದ್ದೀತೆಂದು ನೋಡಿದೆ. ಇರಲಿಲ್ಲ.

"ನಡಿ ಮಾಸ್ತರ, ಹುಗ್ಗಿ ಆರತೈತಿ."

"ಸಾವಳಗ್ಯಾಗ ನನ್ನ ಗಡಿಯಾರ ಹಿಂದಿತ್ತು. ಹೌದಲ್ಲೋ?"

ಅವನು ಉಸಿರು ಬಿಟ್ಟನು. "ಇತ್ತು. ನೀ ಹಂದರಕ್ಕ ಬಂದಾಗನ ನೋಡಿ ಬಾಜಾದವಂಗ ಹೇಳಿಟ್ಟಿದ್ದೆ. ಮುಹೂರ್ತ ತಪ್ಪಾಕ ಹತ್ತಿತ್ತು. ನಾನ ಕಣ್ಣ ಸನ್ನಿ ಮಾಡಿ ಬಾರಿಸಾಕ ಹಚ್ಚಿದೆ. ಇಲ್ಲಂದ್ರ ನಾಕ ಮಂದ್ಯಾಗ ನಿನ್ನ ಮಾನ ಹೋಗತಿತ್ತು. ಉಳಿಸೇನಿ ನಾನು!"

"ಅವತ್ತ ಉಳಿಸಿದಿ. ಮರುದಿನ ಮನಿಗೆ ಬಂದ ಕೇಳಿದೆ. ಯಾಕ ಸುಳ್ಳ ಹೇಳಿದಿ?"

"ಹೇಳಿದ್ರ ನೀ ಮತ್ತ ನಿಲ್ಲತಿದ್ದಿಲ್ಲ."

"ನಿಲ್ಲತಿದ್ದಿಲ್ಲ. ಸರಿ ಮಾಡಿಕೊಂಡ ಆಮ್ಯಾಲ ನಿಲ್ಲತಿದ್ದೆ. ಈಗ ಸರಿ ಐತಿ. ಇವತ್ತ ನನ್ನ ವಾಚಿನ ತಪ್ಪಿತ್ತೇನು?"

"ಇಲ್ಲ. ಇವತ್ತ ದೊಡ್ಡವರು ಬರೂದಿತ್ತು. ಬೀಗರು ಕಾಯಂದ್ರು, ಕಾಯಿಸಿದೆ. ನಿನಗ ಹೇಳಿದ್ರ ನೀ ಕೇಳತಿದ್ದೇನ? ಶಾಸ್ತ್ರ ತಗದ ಕುಂದರತಿದ್ದಿ."

"ಹಂಗಿದ್ರ ನನ್ನ ಯಾಕ ನಿಲ್ಲಸತೀರಿ?"

ಅವನು ನಕ್ಕನು. ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಇರಿಯಿತು. "ನೀ ನಿಂತ್ರ ಹಂದರಕ್ಕ ಕಳೆ ಮಾಸ್ತರ. ಹಣಿಮ್ಯಾಲ ಇಬತ್ತಿ, ಶಾಲು, ಎತ್ತಿದ ಕೈ. ಮಂದಿ ನೋಡಿ ಮುಹೂರ್ತ ಬರೋಬ್ಬರಿ ಸಾಧಿಸ್ಯಾರ ಅಂತಾರ. ವಿಡಿಯೋದಾಗೂ ಎಷ್ಟ ಚಂದ ಬರತೈತಿ!"

ಅವನ ಜೊತೆ ಹೋಗಿ ಪಂಕ್ತಿಯಲ್ಲಿ ಕುಳಿತೆ. ಅನ್ನಕ್ಕೆ ಅಪಚಾರವಾಗಬಾರದೆಂದು ಬಡಿಸಿದ್ದನ್ನು ಮುಗಿಸಿದೆ. ಗಡಿಯಾರ ಕೆಟ್ಟು ನನಗೆ ಮೋಸ ಮಾಡಿದ್ದು ಅದರ ಅಪರಾಧವಲ್ಲ, ಅದು ಹಸಿದಿತ್ತು. ಅದಕ್ಕೆ ಉಣಿಸಿದ ಮೇಲೆ ಎಂದೂ ಮೋಸ ಮಾಡಲಿಲ್ಲ. ಮನುಷ್ಯನಿಗೆ ನಾನು ಏನು ಕಡಿಮೆ ಮಾಡಿದ್ದೆ? ಬಸ್ಸಿನಲ್ಲಿ ಮನೆಗೆ ಬರುವವರೆಗೂ ಇದನ್ನೇ ಕೇಳಿಕೊಂಡೆ. ನನ್ನ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದಾಗಲೂ ಕೇಳಿದೆ.

ಆಮೇಲೆ ಸಾವಕಾರನ ಮೊಮ್ಮಗಳ ಲಗ್ನ ಗೊತ್ತಾಯಿತು. ಅವಳಿಗೆ ಅಕ್ಷರಾಭ್ಯಾಸ ಮಾಡಿಸಿದವನು ನಾನು. ಲಗ್ನಪತ್ರಿಕೆ ಹಿಡಿದು ಅವನೇ ನಮ್ಮ ಮನೆಗೆ ಬಂದನು. ಸೊಸೆ ಚಹಾ ಕೊಟ್ಟು ಒಳಗೆ ಹೋದಳು.

"ನೀನ ನಿಲ್ಲಬೇಕ ಮಾಸ್ತರ. ನಿನ್ನ ಬಿಟ್ಟರ ಯಾರದಾರ?"

"ನಿಲ್ಲತೇನಿ. ಒಂದ ಮಾತ ಐತಿ. ನಿನ್ನ ಮೊಬೈಲ್ ಅವತ್ತ ಮನ್ಯಾಗ ಇಟ್ಟ ಬರಬೇಕು. ನನ್ನ ಕೈ ಇಳಿದಾಗ ಬಾಜಾ ಬಾರಿಸಬೇಕು. ಯಾರ ಬರಲಿ, ಯಾರ ಬಿಡಲಿ."

ಅವನು ಬಟ್ಟಲನ್ನು ಕೆಳಗಿಟ್ಟನು. "ಬೀಗರ ಕಡೆ ದೊಡ್ಡ ದೊಡ್ಡ ಮಂದಿ ಬರತಾರೋ. ಹೆಂಗ ಮಾತ ಕೊಡಲಿ?"

"ಕೊಡಬ್ಯಾಡ," ಎಂದೆ. "ನಾನೂ ನಿಲ್ಲಂಗಿಲ್ಲ."

ಇನ್ನೊಮ್ಮೆ ಕೇಳಿಯಾನೆಂದು ನಾನು ಕಾದಿದ್ದೆ ಎಂಬುದನ್ನು ಮುಚ್ಚಿಡಲಾರೆ. ಅವನು ಚಪ್ಪಲಿ ಮೆಟ್ಟಿಕೊಂಡು, "ಲಗ್ನಕ್ಕರ ಬಾ" ಎಂದು ಹೇಳಿ ಹೋದನು.

ಹೋದೆನು. ಹುಡುಗಿಯ ಮೇಲಿನ ಪ್ರೀತಿಗೆ ಹೋದೆನು. ಎಲ್ಲರಂತೆ ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದು ನಡುವಿನ ಸಾಲಿನಲ್ಲಿ ಕುಳಿತೆ. ಹಂದರದ ಮುಂದೆ, ನನ್ನ ಜಾಗದಲ್ಲಿ, ರಬಕವಿಯ ಕಡೆಯ ಒಬ್ಬ ಹಿರಿಯರನ್ನು ನಿಲ್ಲಿಸಿದ್ದರು. ನೆಟ್ಟನೆಯ ಆಳು, ಬಿಳಿಯ ಮೀಸೆ, ಹಣೆಯ ತುಂಬ ವಿಭೂತಿ, ಹೊಸ ಶಾಲು. ಅವರು ಬಲಗೈಯನ್ನು ಬಹಳ ಗಂಭೀರವಾಗಿ ಎತ್ತಿದರು. ಶಾಲು ಜಾರಿದಾಗ ಅವರ ಎರಡೂ ಮಣಿಕಟ್ಟುಗಳು ಕಂಡವು. ಯಾವುದರಲ್ಲಿಯೂ ಗಡಿಯಾರವಿರಲಿಲ್ಲ. ಅದನ್ನು ನನ್ನ ಹೊರತು ಯಾರೂ ಗಮನಿಸಿದಂತೆ ಕಾಣಲಿಲ್ಲ.

ನಿಜವಾದ ಮುಹೂರ್ತ ಬಂದಾಗ ಅಂತಃಪಟ ಇನ್ನೂ ಬಿಗಿಯಾಗಿತ್ತು. ನಾನು ಕಣ್ಣು ಮುಚ್ಚಿ, ಈ ಕೂಸು ಸುಖವಾಗಿರಲಿ, ಅವಳ ಅಜ್ಜನ ಲೆಕ್ಕ ಅವಳಿಗೆ ತಟ್ಟದಿರಲಿ ಎಂದು ಶಿವನನ್ನು ಬೇಡಿಕೊಂಡೆ. ಸನಾದಿ ಬಹಳ ತಡವಾಗಿ ಎದ್ದಿತು. ಆಗ ನಾನೂ ಎಲ್ಲರ ಜೊತೆಗೆ ಅಕ್ಕಿಕಾಳು ಹಾಕಿ, ಎದ್ದು, ಊಟದ ಮನೆಯನ್ನು ದಾಟಿ ರಸ್ತೆಯ ಕಡೆಗೆ ನಡೆದೆ. ಬಾಗಿಲಲ್ಲಿ ನಿಂತು ಬಂದವರನ್ನು ಪಂಕ್ತಿಗೆ ಕಳುಹಿಸುತ್ತಿದ್ದ ಸಾವಕಾರನು ನನ್ನನ್ನು ನೋಡಿದನು. ನಾನು ಉಣ್ಣದೆ ಹೋಗುತ್ತಿರುವುದು ಅವನಿಗೆ ತಿಳಿಯಿತು. ಕರೆಯಲಿಲ್ಲ. ಜಮಖಂಡಿಯ ಬಸ್ಸು ಬಂದಿತು, ಹತ್ತಿದೆನು.